ನೀರು ಇಳಿದ ಮೇಲೂ ಬನ್ನಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಕೊನೆಯ ವಾರ, ಒಂದು ರಾತ್ರಿ ಹತ್ತು ಗಂಟೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಈಗ ಅವನೂ ಮಾಸ್ತರ. ಭೀಮಾ ದಂಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿದ್ದಾನೆ. ದಸರಾ ರಜೆ, ಅದರ ಜೊತೆ ಮನೆಮನೆ ಸಮೀಕ್ಷೆಯ ಕೆಲಸ ಬೇರೆ. ಅಷ್ಟರಲ್ಲಿ ಮಹಾರಾಷ್ಟ್ರದ ಕಡೆ ಉಜನಿ ಜಲಾಶಯದ ನೀರು, ಸೀನಾ ನದಿಯ ನೀರು ಎಲ್ಲ ಸೇರಿ ಭೀಮೆ ಉಕ್ಕಿದ್ದಳು.

"ಅಕ್ಕೋರೆ, ನಮ್ಮ ಶಾಲಿ ಕಾಳಜಿ ಕೇಂದ್ರ ಆಗೇದ್ರಿ. ನೂರಾ ಎಂಬತ್ತು ಮಂದಿ ಬಂದಾರ. ನಾ ಮೊದಲ ಏನ್ ಮಾಡ್ಲಿ?" ಎಂದ.

ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೊದಲು ಒಂದು ಲೈಟ್ ಹಾಕಿಸು ಎಂದೆ. ಬಸುರಿ, ಬಾಣಂತಿ ಇದ್ದರೆ ಅವರಿಗೆ ಆಫೀಸ್ ಕೋಣೆ ಬಿಟ್ಟುಕೊಡು. ಕುಡಿಯುವ ನೀರನ್ನು ಕುದಿಸದೆ ಯಾರಿಗೂ ಕೊಡಬೇಡ. ಆಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊ. ಯಾರ ಮನೆ ಯಾವತ್ತು ಬಿತ್ತು ಅಂತ ಅದರಲ್ಲಿ ಮೂರು ತಿಂಗಳು ಬರೆಯುತ್ತಾ ಹೋಗು.

"ಮೂರ ತಿಂಗಳಾ? ನೀರು ನಾಳೆ ನಾಡಿದ್ದ ಇಳಿತದ್ರಿ ಅಕ್ಕೋರೆ."

"ಇಳದ ಮ್ಯಾಲೆನ ಮನಿ ಬೀಳತಾವಪ್ಪಾ" ಎಂದೆ.

ಈ ಪತ್ರ ಬರೆಯುತ್ತಿರುವುದೂ ಅದನ್ನೇ ಹೇಳುವುದಕ್ಕೆ. ಆ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ನಮ್ಮನ್ನು ಆಳುವವರಿಗೆ ಹೇಳಲು ನನಗೆ ನಿಮ್ಮ ಪತ್ರಿಕೆ ಬಿಟ್ಟು ಬೇರೆ ದಾರಿ ಇಲ್ಲ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಬಾದಾಮಿ ತಾಲ್ಲೂಕಿನವಳು. ಮಲಪ್ರಭಾ ದಂಡೆಯ ಹಳ್ಳಿ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ 2021ರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. 2009ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಹೊಳೆ ನಮ್ಮೂರಿನೊಳಗೆ ಬಂತು. ಎರಡು ಸಲವೂ ಊರವರೆಲ್ಲ ನಮ್ಮ ಶಾಲೆಗೇ ಬಂದರು. ಶಾಲೆ ದಿಬ್ಬದ ಮೇಲಿದೆ. ಹಳಬರು ಬುದ್ಧಿ ಉಪಯೋಗಿಸಿ ಅಲ್ಲಿ ಕಟ್ಟಿದ್ದಾರೆ.

ನಮ್ಮ ಕಡೆ ಮನೆಗಳು ಹೇಗಿರುತ್ತವೆ ಎಂದು ಬೆಂಗಳೂರಿನ ಓದುಗರಿಗೆ ಹೇಳಬೇಕು. ಕಲ್ಲು–ಮಣ್ಣಿನ ದಪ್ಪ ಗೋಡೆ. ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಇಂಥ ಮನೆಯೊಳಗೆ ಮೂರು ದಿನ ನೀರು ನಿಂತರೂ ಗೋಡೆ ಕೂಡಲೇ ಬೀಳುವುದಿಲ್ಲ. ನೀರು ಕುಡಿದು ಉಬ್ಬಿ ನಿಂತಿರುತ್ತದೆ. ನೀರು ಇಳಿದು ಬಿಸಿಲು ಬಿದ್ದಾಗ ಗೋಡೆ ಒಣಗಲು ಶುರುವಾಗುತ್ತದೆ. ಆಗ ಬಿರುಕು ಬಿಡುತ್ತದೆ. ಹತ್ತನೇ ದಿನಕ್ಕೆ ಒಂದು ಮನೆ, ಹದಿನೈದನೇ ದಿನಕ್ಕೆ ನಾಲ್ಕು ಮನೆ. ತಿಂಗಳಾದ ಮೇಲೂ ರಾತ್ರಿ ಹೊತ್ತು ಧಡ್ ಎಂದು ಸದ್ದು ಕೇಳಿಸುತ್ತದೆ. ಯಾರದೋ ಮನೆ ಹೋಯಿತು ಎಂದು ಓಣಿಯವರೆಲ್ಲ ಎದ್ದು ಕೂರುತ್ತಾರೆ.

ಆದರೆ ಸರ್ವೆ ಅಷ್ಟರೊಳಗೆ ಮುಗಿದಿರುತ್ತದೆ.

2019ರಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಪೂರ್ತಿ ಹಾಳಾದರೆ ಎ. ಅರ್ಧಂಬರ್ಧ ಬಿದ್ದರೆ ಬಿ. ಸ್ವಲ್ಪ ಹಾನಿಯಾಗಿದ್ದರೆ ಸಿ. ಎ ಮನೆಗೆ 5 ಲಕ್ಷ ರೂಪಾಯಿ, ಸಿ ಮನೆಗೆ 50 ಸಾವಿರ. ಕೇಂದ್ರದ ವಿಪತ್ತು ನಿಧಿಯ ಲೆಕ್ಕದಲ್ಲಿ ಆಗ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ಸರ್ಕಾರ ಅದಕ್ಕೆ ತನ್ನದನ್ನು ಸೇರಿಸಿ 5 ಲಕ್ಷ ಮಾಡಿತು. ಅದು ದೊಡ್ಡ ಮನಸ್ಸಿನ ಕೆಲಸ. ನಾನು ಅದನ್ನು ಮರೆತಿಲ್ಲ, ನಮ್ಮೂರೂ ಮರೆತಿಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಣ್ಣುಮಗಳ ಮನೆಗೆ ಸರ್ವೆಯವರು ಬಂದಾಗ ಗೋಡೆ ನಿಂತಿತ್ತು. ಹಿತ್ತಲ ಕಡೆ ಒಂದು ಮೂಲೆ ಮಾತ್ರ ಕುಸಿದಿತ್ತು. ಸಿ ಎಂದು ಬರೆದುಕೊಂಡು ಫೋಟೊ ತೆಗೆದುಕೊಂಡು ಹೋದರು. ಹದಿನೆಂಟನೇ ದಿನ ಪಡಸಾಲೆಯ ಗೋಡೆ ಮಾಳಿಗೆ ಸಮೇತ ಬಿತ್ತು. ಪುಣ್ಯಕ್ಕೆ ಆಗ ಆಕೆ ನಮ್ಮ ಶಾಲೆಯಲ್ಲಿ ಅನ್ನ ಬಸಿಯುತ್ತಿದ್ದಳು. ಮೂರು ಸಲ ತಾಲ್ಲೂಕು ಊರಿಗೆ ಹೋಗಿ ಬಂದಳು. ನಾನೂ ಒಂದು ಸಲ ಜೊತೆಗೆ ಹೋದೆ. ಕಂಪ್ಯೂಟರಿನಲ್ಲಿ ಸಿ ಅಂತ ಏರಿಸಿ ಆಗಿದೆ, ಇನ್ನು ಬದಲಾಗಲ್ಲ ಎಂದರು. ಹೊರಗೆ ಬಂದ ಮೇಲೆ ಆಕೆ ನನ್ನ ಮುಖ ನೋಡಿ, "ಸರ್ವೆ ಎಂದ ಬರ್ತದ ಅಂತ ಗ್ವಾಡಿಗಿ ಹೆಂಗ ತಿಳಿಬೇಕ್ರಿ ಅಕ್ಕೋರೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ನೀರು ಬಂದಾಗ ಎಲ್ಲರೂ ಬರುತ್ತಾರೆ, ಅದು ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ನೀರು ಬಿಟ್ಟಾಗ ಪಟ್ಟದಕಲ್ಲಿನ ದೇವಸ್ಥಾನಗಳ ಅಂಗಳದಲ್ಲೇ ಹೊಳೆ ಹರಿಯಿತು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಕೊಣ್ಣೂರಿನ ಹತ್ತಿರ ಮುಳುಗಿತು. ಆಗ ಟೀವಿಯವರು ಬಂದರು, ಹೆಲಿಕಾಪ್ಟರ್ ಬಂತು, ಕೇಂದ್ರದ ಮಂತ್ರಿಗಳು ಬೆಳಗಾವಿಗೆ ಬಂದು ಹೋದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಆ ವಯಸ್ಸಿನಲ್ಲೂ ಊರೂರು ಸುತ್ತಿದರು. ಆದರೆ ಅವರ ಜೊತೆ ಒಬ್ಬನೇ ಒಬ್ಬ ಮಂತ್ರಿ ಇರಲಿಲ್ಲ. ಜುಲೈ 26ರಂದು ಅವರು ಪ್ರಮಾಣ ವಚನ ತೆಗೆದುಕೊಂಡರು, ಸಂಪುಟ ಆದದ್ದು ಆಗಸ್ಟ್ 20ಕ್ಕೆ. ನಡುವಿನ ಇಪ್ಪತ್ತೈದು ದಿನಗಳಲ್ಲೇ 22 ಜಿಲ್ಲೆಗಳಿಗೆ ನೀರು ನುಗ್ಗಿತ್ತು. ಕಂದಾಯ ಮಂತ್ರಿ ಇಲ್ಲ, ಜಿಲ್ಲಾ ಉಸ್ತುವಾರಿ ಮಂತ್ರಿ ಇಲ್ಲ. ಅದಕ್ಕೂ ಹಿಂದಿನ ತಿಂಗಳು ಪೂರ್ತಿ ಶಾಸಕರು ರಾಜೀನಾಮೆ ಕೊಟ್ಟು ಮುಂಬೈನ ಹೋಟೆಲಿನಲ್ಲಿದ್ದರು. ಒಂದು ಸರ್ಕಾರ ಬೀಳುತ್ತಿತ್ತು, ಇನ್ನೊಂದು ಏಳುತ್ತಿತ್ತು. ಹೊಳೆ ಅದಕ್ಕೆಲ್ಲ ಕಾಯುತ್ತದೆಯೇ?

2009ರದೂ ಇದೇ ಕಥೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣಾ, ತುಂಗಭದ್ರಾ ಎಲ್ಲ ಒಟ್ಟಿಗೆ ಉಕ್ಕಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗಲೂ ಯಡಿಯೂರಪ್ಪನವರೇ ಮುಖ್ಯಮಂತ್ರಿ. ಬೆಂಗಳೂರಿನ ಬೀದಿಗಳಲ್ಲಿ ಪಾದಯಾತ್ರೆ ಮಾಡಿ, ಪೆಟ್ಟಿಗೆ ಹಿಡಿದು ಸಂತ್ರಸ್ತರಿಗಾಗಿ ಹಣ ಕೂಡಿಸಿದರು. ಜನ ಕೈ ಬಿಚ್ಚಿ ಕೊಟ್ಟರು. ನಮ್ಮ ಶಾಲೆಯ ಟೀವಿಯಲ್ಲಿ ಅದನ್ನು ನೋಡಿ ನಮ್ಮೂರ ಮುದುಕರು ಕಣ್ಣೊರೆಸಿಕೊಂಡರು. ಒಂದು ತಿಂಗಳೂ ಆಗಿರಲಿಲ್ಲ, ಬಳ್ಳಾರಿಯ ಮಂತ್ರಿಗಳ ಗುಂಪು ತಿರುಗಿ ಬಿತ್ತು. ಅದಿರು ಲಾರಿಗಳ ಮೇಲೆ ಸಂತ್ರಸ್ತರಿಗಾಗಿ ಹಾಕಬೇಕೆಂದಿದ್ದ ಸಾವಿರ ರೂಪಾಯಿ ಶುಲ್ಕವೂ ಆ ಜಗಳದಲ್ಲಿತ್ತು. ಶಾಸಕರು ರೆಸಾರ್ಟ್ ಸೇರಿದರು. ನವೆಂಬರ್‌ನಲ್ಲಿ ದೆಹಲಿಯಲ್ಲಿ ರಾಜಿಯಾಯಿತು. ಅಷ್ಟು ದಿನ ನಮ್ಮ ಊರವರು ತಾಡಪತ್ರಿ ಕೆಳಗೆ ಮಲಗಿದ್ದರು.

ಈಗ 2025. ಸರ್ಕಾರ ಬೇರೆ, ಪಕ್ಷ ಬೇರೆ. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂತ್ರಿಗಳ ಜೊತೆ ವೈಮಾನಿಕ ಸಮೀಕ್ಷೆ ಮಾಡಿದರು. ಬೆಳೆ ಪರಿಹಾರಕ್ಕೆ ಕೇಂದ್ರದ ಮಾನದಂಡದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚಿಗೆ ಕೊಡುತ್ತೇವೆ ಎಂದರು. ಮಳೆ ನೆಚ್ಚಿದ ಹೊಲಕ್ಕೆ 17,000, ನೀರಾವರಿಗೆ 25,500. ತೊಗರಿ, ಹತ್ತಿ ಕಳಕೊಂಡ ರೈತನಿಗೆ ಇದು ಸಾಲುವುದಿಲ್ಲ, ಆದರೂ ಒಳ್ಳೆಯದೇ ಆಯಿತು. ನವೆಂಬರ್‌ನಲ್ಲಿ ಪ್ರಧಾನಿಯವರನ್ನು ಕಂಡು ಪರಿಹಾರದ ಹಣವನ್ನೂ ಕೇಳಿದರು. ಆದರೆ ಅದೇ ನವೆಂಬರ್‌ನಲ್ಲಿ ನಮ್ಮ ಟೀವಿಯಲ್ಲಿ ಬಂದದ್ದೇನು? ಕುರ್ಚಿ ಯಾರಿಗೆ? ಶಾಸಕರು ದೆಹಲಿಗೆ ಯಾಕೆ ಹೋದರು? ಯಾರ ಮನೆಯಲ್ಲಿ ಯಾರು ಬೆಳಗಿನ ಉಪಾಹಾರ ಮಾಡಿದರು? ಬೆಳಗ್ಗೆ ಎದ್ದರೆ ಅದು, ರಾತ್ರಿ ಮಲಗುವಾಗಲೂ ಅದು.

ಆ ದಿನಗಳಲ್ಲೇ ನನ್ನ ಶಿಷ್ಯ ಮತ್ತೆ ಫೋನ್ ಮಾಡಿದ. "ನೀವ್ ಹೇಳಿದ್ದು ಖರೇ ಆತ್ರಿ ಅಕ್ಕೋರೆ, ಮನಿ ಬೀಳಾಕತ್ತಾವ" ಎಂದ.

ಒಂದು ಪಕ್ಷವನ್ನು ದೂರಲು ನಾನು ಇದನ್ನೆಲ್ಲ ಬರೆಯುತ್ತಿಲ್ಲ. ಮೂರು ಪ್ರವಾಹದಲ್ಲಿ ಎಲ್ಲ ಪಕ್ಷದವರೂ ಅಧಿಕಾರದಲ್ಲಿ ಬಂದು ಹೋಗಿದ್ದಾರೆ. ಮೂರು ಸಲವೂ ನೀರಿನ ಹಿಂದೆಯೋ ಮುಂದೆಯೋ ಕುರ್ಚಿಯ ಜಗಳ ಇತ್ತು. ಮೂರು ಸಲವೂ ಮನೆ ಬೀಳುವ ಹೊತ್ತಿಗೆ ನೋಡುವವರ ಕಣ್ಣು ಬೇರೆ ಕಡೆ ಇತ್ತು.

ಜನ ಮಾತ್ರ ಹಾಗಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಪತ್ರಿಕೆಗಳಲ್ಲಿ ಅಷ್ಟಾಗಿ ಬರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. ಮಕ್ಕಂದೂರು, ಜೋಡುಪಾಲ ಎಂಬ ಹೆಸರುಗಳನ್ನು ನಾವು ಮೊದಲ ಸಲ ಕೇಳಿದ್ದೇ ಆಗ. ನಮ್ಮೂರ ಹೆಣ್ಣುಮಕ್ಕಳು ದ್ಯಾಮವ್ವನ ಗುಡಿ ಮುಂದೆ ಸಾಲಾಗಿ ಒಲೆ ಹೂಡಿದರು. ಎರಡು ದಿನ ರೊಟ್ಟಿ ಬಡಿದರು. ಖಡಕ್ ರೊಟ್ಟಿ, ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪೊಟ್ಟಣ ಕಟ್ಟಿದರು. ಅಲ್ಲಿಯವರು ಅನ್ನ ಉಣ್ಣುವ ಜನ, ನಮ್ಮ ರೊಟ್ಟಿ ತಿನ್ನುತ್ತಾರೋ ಇಲ್ಲವೋ ಎಂದು ನಾನು ಕೇಳಿದೆ. "ಹಸದ ಹೊಟ್ಟಿಗಿ ಏನಾದ್ರೂ ಆಕ್ಕೇತ್ರಿ" ಎಂದು ಒಬ್ಬ ಅಜ್ಜಿ ಗದರಿದಳು. ಒಂದು ಟೆಂಪೊ ತುಂಬ ಹೋಯಿತು. ಮಕ್ಕಳು ಒಂದೊಂದು ಚೀಲದ ಮೇಲೂ ಊರಿನ ಹೆಸರು ಬರೆದರು.

ಸರಿಯಾಗಿ ಒಂದು ವರ್ಷಕ್ಕೆ ನಾವೇ ಮುಳುಗಿದೆವು. ಐದನೇ ದಿನವೋ ಆರನೇ ದಿನವೋ, ಒಂದು ಪಿಕಪ್ ಗಾಡಿ ಕೇಳುತ್ತಾ ಕೇಳುತ್ತಾ ನಮ್ಮ ಶಾಲೆ ಹುಡುಕಿಕೊಂಡು ಬಂತು. ಕೊಡಗಿನ ನೋಂದಣಿ. ಅಕ್ಕಿ, ಹೊದಿಕೆ, ಮಕ್ಕಳ ಬಟ್ಟೆ, ಸೊಳ್ಳೆ ಬತ್ತಿ. ಜೊತೆಗೆ ಒಂದು ದೊಡ್ಡ ಪೆಟ್ಟಿಗೆ ತುಂಬ ಹೆಣ್ಣುಮಕ್ಕಳ ಒಳಬಟ್ಟೆ ಮತ್ತು ಪ್ಯಾಡ್. ಅದನ್ನು ಬೇರೆ ಯಾರೂ ತಂದಿರಲಿಲ್ಲ. ನೀರಿನಲ್ಲಿ ಎಲ್ಲ ಕಳಕೊಂಡವರಿಗೇ ಗೊತ್ತು, ನಾಲ್ಕನೇ ದಿನ ಏನು ಬೇಕಾಗುತ್ತದೆ ಅಂತ. ಬಂದಿದ್ದ ಹುಡುಗರಲ್ಲಿ ಒಬ್ಬ, "ಟೀಚರ್, ಹೋದ ವರ್ಷ ಕ್ಯಾಂಪ್‌ನಲ್ಲಿ ನಿಮ್ಮ ಕಡೆಯ ರೊಟ್ಟಿ ತಿಂದಿದ್ದೇವೆ" ಎಂದ. ಅದು ನಮ್ಮೂರಿನದೇ ರೊಟ್ಟಿಯೋ, ವಿಜಯಪುರದ್ದೋ, ಗದಗಿನದೋ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಊರ ಹೆಣ್ಣುಮಕ್ಕಳು ಅವರನ್ನು ಉಣ್ಣದೆ ಹೋಗಲು ಬಿಡಲಿಲ್ಲ. ಕಾಳಜಿ ಕೇಂದ್ರದ ಅನ್ನ–ಸಾರೇ, ಬೇರೆ ಏನಿತ್ತು ನಮ್ಮ ಹತ್ತಿರ?

ಇನ್ನೊಂದು ವಿಷಯ. ನಾಯಕತ್ವ ಎಂದರೆ ನನಗೆ ನೆನಪಾಗುವುದು ಆ ದಿನಗಳ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯೆ. ಹೆಸರು ಬರೆಯುವುದಿಲ್ಲ, ಆಕೆಗೆ ಇಷ್ಟವಾಗದು. ಓದಿದ್ದು ಏಳನೇ ತರಗತಿ. ಮೀಸಲಾತಿ ಇದ್ದುದಕ್ಕೆ ನಿಲ್ಲಿಸಿದ್ದರು. ಅದುವರೆಗೆ ಪಂಚಾಯಿತಿ ಸಭೆಗೆ ಆಕೆಯ ಗಂಡನೇ ಹೋಗುತ್ತಿದ್ದ. ನೀರು ಬಂದ ರಾತ್ರಿ ಗಂಡ ಎಲ್ಲಿದ್ದನೋ, ಆಕೆ ಮಾತ್ರ ಟಾರ್ಚ್ ಹಿಡಿದು ಕೆಳಗಿನ ಓಣಿಗೆ ಇಳಿದಳು. ಒಂದೊಂದು ಬಾಗಿಲು ಬಡಿದು ಮಂದಿಯನ್ನು ಎಬ್ಬಿಸಿದಳು. ಎಮ್ಮೆಯ ಹಗ್ಗ ಬಿಚ್ಚದೆ ಬರಬೇಡಿ ಎಂದು ಕೂಗುತ್ತಾ ಹೋದಳು. ಹಗ್ಗದಲ್ಲೇ ಇದ್ದರೆ ಅವು ಕಟ್ಟಿದಲ್ಲೇ ಸಾಯುತ್ತವೆ, ಬಿಚ್ಚಿದರೆ ಈಜಿಕೊಂಡು ಬರುತ್ತವೆ. ನಮ್ಮೂರಿನಲ್ಲಿ ಆ ಸಲ ಒಂದು ಜೀವವೂ ಹೋಗಲಿಲ್ಲ.

ಮೂರನೇ ದಿನ ಶಾಲೆಯಲ್ಲಿ ಬೇರೆ ತೊಂದರೆ ಶುರುವಾಯಿತು. ಅಡುಗೆ ಮಾಡುತ್ತಿದ್ದವಳು, ನಾನು ಆಗಲೇ ಹೇಳಿದ ಹೆಣ್ಣುಮಗಳು, ಕೆಳಗಿನ ಓಣಿಯವಳು. ಮೊದಲ ಎರಡು ದಿನ ಹಸಿವಿಗೆ ಯಾರೂ ಏನೂ ಅನ್ನಲಿಲ್ಲ. ಮೂರನೇ ದಿನಕ್ಕೆ ಮೇಲಿನ ಓಣಿಯ ನಾಲ್ಕೈದು ಮಂದಿ ನಮ್ಮ ಒಲೆ ಬೇರೆ ಹೂಡುತ್ತೇವೆ, ಅಕ್ಕಿ ಬೇರೆ ಕೊಡಿ ಎಂದರು. ನಾನು ಮುಖ್ಯೋಪಾಧ್ಯಾಯಿನಿ. ನಾನು ಮಾತಾಡಬೇಕಿತ್ತು. ಅಷ್ಟರಲ್ಲಿ ಈ ಸದಸ್ಯೆ, ಆಕೆಯೂ ಮೇಲಿನ ಓಣಿಯವಳೇ, ತಾಟು ಹಿಡಿದು ಒಲೆಯ ಮುಂದೆ ನೆಲದ ಮೇಲೆ ಕೂತಳು. "ಯವ್ವಾ, ನಂಗ ಮೊದಲ ನೀಡು" ಎಂದಳು. ಅಷ್ಟೇ. ಭಾಷಣ ಇಲ್ಲ, ಬೈಗುಳ ಇಲ್ಲ. ಉಂಡಳು, ತಾಟು ತೊಳೆದಿಟ್ಟಳು, ಆಮೇಲೆ ತಾನೇ ನೀಡಲು ನಿಂತಳು. ಎರಡನೇ ಒಲೆ ಹೂಡಲಿಲ್ಲ. ಹನ್ನೊಂದು ದಿನ ಎಲ್ಲರೂ ಒಂದೇ ಸಾಲಿನಲ್ಲಿ ಉಂಡರು.

ಆಕೆಗೆ ಹೆಲಿಕಾಪ್ಟರ್ ಇರಲಿಲ್ಲ, ಅನುದಾನ ಇರಲಿಲ್ಲ, ಒಂದು ಮನೆಯನ್ನು ಸಿ ಇಂದ ಎಗೆ ಬದಲಿಸುವ ಅಧಿಕಾರವೂ ಇರಲಿಲ್ಲ. ಆಕೆ ಅಲ್ಲಿ ಇದ್ದಳು, ನಮ್ಮ ನಡುವೆ. ಮೂರನೇ ತಿಂಗಳಲ್ಲೂ ಇದ್ದಳು.

ಅಧಿಕಾರ ಇರುವವರೂ ಅಂಥ ಕೆಲಸ ಮಾಡಬಲ್ಲರು. ಅದೇ 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತಿದ್ದಾಗ ಮಹಾರಾಷ್ಟ್ರದ ಮುಖ್ಯಮಂತ್ರಿ ನಮ್ಮ ಮುಖ್ಯಮಂತ್ರಿಗೆ ಮಾತಾಡಿ ಆಲಮಟ್ಟಿಯಿಂದ ಹೆಚ್ಚು ನೀರು ಬಿಡಿ ಎಂದು ಕೇಳಿದರು. ಆಲಮಟ್ಟಿಯ ಗೇಟು ಎತ್ತಿದರು. 5 ಲಕ್ಷ ಕ್ಯೂಸೆಕ್‌ಗೂ ಮೇಲೆ ನೀರು ಹೋಯಿತು. ಹಾಗೆ ಬಿಟ್ಟ ನೀರು ಕೆಳಗೆ ಯಾದಗಿರಿ, ರಾಯಚೂರಿನ ಹೊಲಗಳ ಮೇಲೇ ಹೋಗಬೇಕು. ಮೇಲಿನವರನ್ನು ಉಳಿಸಲು ಕೆಳಗಿನವರು ಹೊತ್ತ ಭಾರ ಅದು. ಆ ರೈತರಿಗೆ ಯಾರಾದರೂ ಹೋಗಿ, ನಿಮ್ಮಿಂದ ಒಂದು ಊರು ಉಳಿಯಿತು ಎಂದು ಹೇಳಬೇಕಿತ್ತು. ಪರಿಹಾರದ ಹಣದ ಮಾತು ಬೇರೆ, ಈ ಮಾತು ಬೇರೆ.

ಇನ್ನು 'ಆಸರೆ' ಮನೆಗಳ ವಿಷಯ. ಇದನ್ನು ಬರೆಯದಿದ್ದರೆ ನಮ್ಮೂರವರು ನನ್ನನ್ನು ಸುಮ್ನೆ ಬಿಡುವುದಿಲ್ಲ. 2009ರ ನಂತರ ಹೊಳೆದಂಡೆಯ ಊರುಗಳನ್ನು ಮೇಲೆ ಸ್ಥಳಾಂತರ ಮಾಡಲು ಆಸರೆ ಯೋಜನೆ ಬಂತು. ದಾನಿಗಳು, ಕಂಪನಿಗಳು, ಮಠಗಳು ದುಡ್ಡು ಕೊಟ್ಟವು. ಉದ್ದೇಶ ಒಳ್ಳೆಯದಿತ್ತು. ಆದರೆ ಮನೆ ಹೇಗಿರಬೇಕು ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಒಂದು ಹಾಲ್, ಒಂದು ಅಡುಗೆ ಕೋಣೆ, ಒಂದು ಮಲಗುವ ಕೋಣೆ. ಎತ್ತು ಎಲ್ಲಿ ಕಟ್ಟಬೇಕು? ಎಮ್ಮೆ ಎಲ್ಲಿ? ಹೊಟ್ಟು, ಕಣಿಕೆ ಎಲ್ಲಿ ಒಟ್ಟಬೇಕು? ನಮ್ಮ ಕಡೆ ಮನೆ ಎಂದರೆ ಅರ್ಧ ಮಂದಿಗೆ, ಅರ್ಧ ದನಕ್ಕೆ. ಹೊಲ ಹೊಳೆದಂಡೆಯಲ್ಲೇ ಉಳಿಯಿತು, ಮನೆ ದೂರ ಹೋಯಿತು. ಕೆಲವರು ಹೋದರು. ಕೆಲವರು ಬೀಗ ಹಾಕಿ ಹಳೆ ಊರಿಗೆ ವಾಪಸ್ ಬಂದರು. ಎಷ್ಟೋ ವರ್ಷ ಹಕ್ಕುಪತ್ರ ಕೈಗೆ ಬರಲಿಲ್ಲ, ಬ್ಯಾಂಕಿನವರು ಆ ಮನೆ ತೋರಿಸಿದರೆ ಸಾಲ ಕೊಡಲಿಲ್ಲ. 2019ರಲ್ಲಿ ಹಳೆ ಊರಿನಲ್ಲಿದ್ದವರು ಮತ್ತೆ ಮುಳುಗಿದರು. ಆಗ ಪರಿಹಾರ ಕೇಳಲು ಹೋದರೆ, ನಿಮಗೆ ಆಸರೆ ಮನೆ ಕೊಟ್ಟಾಗಿದೆಯಲ್ಲ ಎಂಬ ಮಾತು ಕೇಳಬೇಕಾಯಿತು.

ಮನೆ ಕಟ್ಟುವ ಮೊದಲು ಒಂದು ದಿನ, ಬರೀ ಒಂದು ದಿನ, ಯಾರಾದರೂ ದೊಡ್ಡವರು ಬಂದು ಊರ ಕಟ್ಟೆಯ ಮೇಲೆ ಕೂತು, "ನಿಮಗೆ ಮನೆ ಹೆಂಗಿರಬೇಕು?" ಎಂದು ಕೇಳಿದ್ದರೆ ಅಷ್ಟು ಕೋಟಿಗಳು ಹೀಗೆ ಬೀಗ ಬಿದ್ದು ಕೂರುತ್ತಿರಲಿಲ್ಲ. ಈಗ ಭೀಮಾ ದಂಡೆಯಲ್ಲೂ ಸ್ಥಳಾಂತರದ ಮಾತು ಕೇಳಿಬರುತ್ತಿದೆ. ದಯವಿಟ್ಟು ದನಕ್ಕೂ ಜಾಗ ಬಿಡಿ.

ದೆಹಲಿಯ ವಿಷಯಕ್ಕೂ ಬರುತ್ತೇನೆ. 2019ರಲ್ಲಿ ರಾಜ್ಯ ಹೇಳಿದ ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕೇಂದ್ರದಿಂದ ಮೊದಲ ಕಂತು 1,200 ಕೋಟಿ ಬಂದದ್ದು ಅಕ್ಟೋಬರ್ ಮೊದಲ ವಾರ. ನೀರು ಬಂದು ಎರಡು ತಿಂಗಳಾಗಿತ್ತು. ಆಗ ರಾಜ್ಯದ 28 ಲೋಕಸಭಾ ಸದಸ್ಯರಲ್ಲಿ 25 ಮಂದಿ ಕೇಂದ್ರದ ಆಡಳಿತ ಪಕ್ಷದವರೇ. ತಡ ಯಾಕಾಯಿತು ಎಂದು ಗಟ್ಟಿಯಾಗಿ ಕೇಳಿದ ಅದೇ ಪಕ್ಷದ ವಿಜಯಪುರದ ಶಾಸಕರಿಗೆ ಪಕ್ಷ ನೋಟಿಸ್ ಕೊಟ್ಟಿತು. ಇದನ್ನು ಓದಿದ ದಿನ ನನಗೆ ಬಹಳ ಬೇಸರವಾಯಿತು. ಜನರ ಪರ ಕೇಳಿದ್ದಕ್ಕೆ ನೋಟಿಸ್ ಕೊಟ್ಟರೆ ಇನ್ನೊಬ್ಬ ಶಾಸಕ ಬಾಯಿ ಬಿಡುತ್ತಾನೆಯೇ?

ಕಾವೇರಿ ವಿಷಯ ಬಂದಾಗ ನಮ್ಮ ರಾಜ್ಯದಲ್ಲಿ ಸರ್ವಪಕ್ಷ ಸಭೆ ಕರೆಯುತ್ತಾರೆ. ಮಾಜಿ ಮುಖ್ಯಮಂತ್ರಿಗಳು, ವಿರೋಧ ಪಕ್ಷದವರು, ಸಂಸದರು ಎಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಅದು ಸರಿಯಾದದ್ದೇ. ನೀರು ಇಲ್ಲದಾಗ ಒಟ್ಟಿಗೆ ಕೂರುವವರು, ನೀರು ಮನೆಯೊಳಗೆ ಬಂದಾಗಲೂ ಒಟ್ಟಿಗೆ ಕೂರಬಹುದಲ್ವಾ? 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು, ಒಟ್ಟು ನಲವತ್ತು ಮಂದಿ. ಪಕ್ಷದ ಶಾಲು ಮನೆಯಲ್ಲಿಟ್ಟು, ಒಂದೇ ಮನವಿ ಹಿಡಿದು ಒಂದು ದಿನ ಹೋಗಲಿ. ಕೇಂದ್ರ ಕೊಟ್ಟರೆ ಅವರಿಗೆ ಹೆಸರು, ರಾಜ್ಯ ಕೊಟ್ಟರೆ ಇವರಿಗೆ ಹೆಸರು ಎಂಬ ಲೆಕ್ಕ ಬೇಡ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಕೂಸು ಹೇಗೆ ಅಳುತ್ತದೆ ಎಂದು ನಾನು ಕೇಳಿದ್ದೇನೆ. 2020ರ ಬೇಸಿಗೆಯಲ್ಲಿ ಲಾಕ್‌ಡೌನ್ ಬೇರೆ. ಶೆಡ್ಡಿನಿಂದ ಹೊರಗೆ ಹೋಗುವ ಹಾಗಿಲ್ಲ, ಒಳಗೆ ಇರುವ ಹಾಗಿಲ್ಲ. ಕೌದಿ ನೀರಲ್ಲಿ ಅದ್ದಿ ತಗಡಿನ ಮೇಲೆ ಹಾಸುತ್ತಿದ್ದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ನೀರು ಇಳಿದು ನಲವತ್ತೈದು ದಿನಕ್ಕೆ ಎರಡನೇ ಸರ್ವೆ ಆಗಲಿ. ಮಣ್ಣಿನ ಮನೆ ಇರುವ ಕಡೆ ಇದು ಕಡ್ಡಾಯ ಎಂದು ನಿಯಮದಲ್ಲೇ ಬರೆಯಿರಿ. ಎ, ಬಿ, ಸಿ ಪಟ್ಟಿಯನ್ನು ಗ್ರಾಮ ಸಭೆ ಕರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಯಾರ ಮನೆ ನಿಂತಿದೆ, ಯಾರದು ಬಿದ್ದಿದೆ ಎಂದು ಊರಿಗೆ ಗೊತ್ತಿರುತ್ತದೆ. ಬೀಳದ ಮನೆ ಎ ಪಟ್ಟಿಯಲ್ಲಿದ್ದರೆ ಅಲ್ಲೇ ನಾಲ್ಕು ಮಂದಿ ಎದ್ದು ನಿಲ್ಲುತ್ತಾರೆ. ತಲಾಟಿಗೂ ಅದರಿಂದ ಒಳ್ಳೆಯದೇ, ಆಮೇಲೆ ಬೈಸಿಕೊಳ್ಳುವುದು ತಪ್ಪುತ್ತದೆ. ಆ ಗ್ರಾಮ ಸಭೆಗೆ ಶಾಸಕರು ಬರಲಿ. ಹಾರ, ಶಾಲು, ಪೇಟ ಬೇಡ. ವಿರೋಧ ಪಕ್ಷದಿಂದ ನಿಂತು ಸೋತವರೂ ಬರಲಿ, ಅವರಿಗೂ ಊರಿನವರು ವೋಟು ಹಾಕಿದ್ದಾರೆ.

ಮತ್ತೆ, ಮುಖ್ಯಮಂತ್ರಿಗಳೇ, ಉಪಮುಖ್ಯಮಂತ್ರಿಗಳೇ, ವಿರೋಧ ಪಕ್ಷದ ನಾಯಕರೇ, ನೀವು ಮೂವರೂ ಒಂದು ದಿನ ಒಟ್ಟಿಗೆ ಭೀಮಾ ದಂಡೆಗೆ ಬನ್ನಿ. ಈಗ ಬನ್ನಿ, ಡಿಸೆಂಬರ್‌ನಲ್ಲಿ. ಹೆಲಿಕಾಪ್ಟರ್ ಬೇಡ. ಮೇಲಿನಿಂದ ನೋಡಿದರೆ ಈಗ ಎಲ್ಲ ಚೆನ್ನಾಗಿ ಕಾಣುತ್ತದೆ, ನೀರು ಇಲ್ಲ, ಹೊಲ ಒಣಗಿದೆ. ಗೋಡೆಯ ಬಿರುಕು ಅಲ್ಲಿಂದ ಕಾಣುವುದಿಲ್ಲ. ಕಾರಿನಲ್ಲಿ ಬಂದು, ಓಣಿಯಲ್ಲಿ ನಡೆದು, ಗೋಡೆಗೆ ಕೈ ಇಟ್ಟು ನೋಡಿ. ಒಂದು ಹೊತ್ತು ಅವರ ಮನೆಯಲ್ಲೇ ಉಣ್ಣಿ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತದೆ. 2012ರಲ್ಲಿ ಆ ಕಟ್ಟಡ ಉದ್ಘಾಟನೆಯಾದಾಗ ನಾವು ಶಾಲೆಯ ಮಕ್ಕಳಿಗೆ, ಇನ್ನು ಸರ್ಕಾರ ನಮ್ಮ ಹತ್ತಿರ ಬರುತ್ತದೆ ಎಂದು ಪಾಠ ಮಾಡಿದ್ದೆವು. ಆ ಮಕ್ಕಳಲ್ಲಿ ಒಬ್ಬ ಈ ಮಾಸ್ತರ. ಅವನ ನೋಟ್‌ಬುಕ್‌ನಲ್ಲಿ ಈಗ 23 ಮನೆಗಳಿವೆ. ಯಜಮಾನರ ಹೆಸರು, ಬಿದ್ದ ತಾರೀಕು, ಯಾವ ಗೋಡೆ, ಮನೆಯಲ್ಲಿ ಎಷ್ಟು ಮಂದಿ, ಎಷ್ಟು ದನ. ಒಂದೊಂದು ಪುಟದ ಕೆಳಗೂ ಅಕ್ಕಪಕ್ಕದ ಮನೆಯ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು. ಮೊನ್ನೆ ಫೋನ್ ಮಾಡಿ, "ಅಕ್ಕೋರೆ, ಇದನ್ನ ಯಾರಿಗ್ ಕೊಡ್ಲಿ?" ಎಂದು ಕೇಳಿದ. ಸರ್ವೆ ಮುಗಿದಿದೆ, ಇನ್ನು ತಗೊಳ್ಳಲ್ಲ ಎಂದರಂತೆ.

ಅವನಿಗೆ ಏನು ಹೇಳಬೇಕೆಂದು ತಿಳಿಯದೆ ಈ ಪತ್ರ ಬರೆದಿದ್ದೇನೆ. ಅಧಿವೇಶನದಲ್ಲಿ ಇದನ್ನು ಎತ್ತುತ್ತೇನೆ ಎನ್ನುವ ಶಾಸಕರು, ಯಾವ ಪಕ್ಷದವರೇ ಆಗಲಿ, ನಿಮ್ಮ ಪತ್ರಿಕೆಗೆ ಒಂದು ಮಾತು ತಿಳಿಸಲಿ. ನಾನು ಆ ಹುಡುಗನಿಗೆ ಹೇಳುತ್ತೇನೆ. ಒಂದು ದಿನ ರಜೆ ಹಾಕಿ ರಾತ್ರಿ ಬಸ್ಸಿಗೆ ಹೊರಟು, ನೋಟ್‌ಬುಕ್ ತಂದು ಅವರ ಕೈಗೇ ಕೊಡುತ್ತಾನೆ.

ಇಂತಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ,
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ